ಇಂಪಲ್ಸ್ ಬೈಕಿಗೆ ದುಬಾರಿ ಕಾರ್ಬೊರೇಟರ್: ಹಾಕಿ, ಬಿಚ್ಚಿ, ಹಳೆಯದನ್ನು ಮತ್ತೆ ಕೂರಿಸಿ ನೋಡಿದ ಲೆಕ್ಕ

ನನ್ನ ಹೀರೊ ಇಂಪಲ್ಸ್ ಬೈಕಿಗೆ ಜಪಾನಿನ ಕೇಹಿನ್ ಕಂಪನಿಯ ಪಿಡಬ್ಲ್ಯೂಕೆ 28 ಕಾರ್ಬೊರೇಟರ್ (ಎಂಜಿನ್ನಿಗೆ ಹೋಗುವ ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಅಳವಡಿಸಲು ತಗುಲಿದ ಒಟ್ಟು ವೆಚ್ಚ 22,300 ರೂಪಾಯಿ. ಅದನ್ನು ಅಕ್ಟೋಬರಿನಿಂದ ಜನವರಿಯವರೆಗೆ ಓಡಿಸಿ, ಫೆಬ್ರವರಿಯಲ್ಲಿ ಬಿಚ್ಚಿ, ಬೈಕಿನ ಜೊತೆಗೇ ಬಂದಿದ್ದ ಹಳೆಯ ಕಾರ್ಬೊರೇಟರನ್ನು 2,040 ರೂಪಾಯಿಯಲ್ಲಿ ದುರಸ್ತಿ ಮಾಡಿ ಮತ್ತೆ ಕೂರಿಸಿದೆ. ಇಷ್ಟು ಹಣಕ್ಕೆ ನನಗೆ ನಿಜವಾಗಿ ಸಿಕ್ಕಿದ್ದೇನು, ಸಿಕ್ಕಿತೆಂದು ನಾನು ತಪ್ಪಾಗಿ ತಿಳಿದಿದ್ದೇನು ಎಂಬುದನ್ನು ಆಗಾಗ ಬರೆದಿಟ್ಟುಕೊಂಡ ಅಳತೆಗಳ ಸಮೇತ ಇಲ್ಲಿ ದಾಖಲಿಸುತ್ತಿದ್ದೇನೆ. ಇದೇ ಯೋಚನೆಯಲ್ಲಿರುವವರು ಹಣ ಕಳಿಸುವ ಮುನ್ನ ಓದಲಿ ಎಂಬುದೇ ಉದ್ದೇಶ.

ಮೊದಲು ಬೈಕಿನ ವಿಷಯ. 2011ರಲ್ಲಿ ಬಂದ ಇಂಪಲ್ಸ್ ಶುದ್ಧ ಡರ್ಟ್ ಬೈಕ್ ಅಲ್ಲ ಎಂಬುದು ನಿಜ. ಆದರೆ 149.2 ಸಿಸಿಯ ಫೋರ್ ಸ್ಟ್ರೋಕ್ ಎಂಜಿನ್, ಮುಂದೆ 19 ಇಂಚಿನ ಚಕ್ರ, ಎತ್ತರದ ಸಸ್ಪೆನ್ಷನ್ ಇರುವ ಈ ಬೈಕ್ ನಮ್ಮಂಥವರ ಕೈಗೆಟುಕುವ ಬೆಲೆಯಲ್ಲಿ ಮಣ್ಣಿನ ದಾರಿಗೆಂದೇ ಬಂದ ಮೊದಲ ಕೆಲವು ಗಾಡಿಗಳಲ್ಲಿ ಒಂದು. ನಾನು ಅದನ್ನು ಸಕಲೇಶಪುರದ ಸುತ್ತಮುತ್ತ, ಹೆಚ್ಚಾಗಿ ಕಾಫಿ ತೋಟದೊಳಗಿನ ಜಾಡುಗಳಲ್ಲಿ ಓಡಿಸುತ್ತೇನೆ. ನಮ್ಮ ತೋಟ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ, ಏಕೆಂದರೆ ಜೆಟ್ಟಿನ, ಅಂದರೆ ಕಾರ್ಬೊರೇಟರಿನಲ್ಲಿ ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ತೂತಿನ ಬಿಡಿಭಾಗದ ಲೆಕ್ಕದಲ್ಲಿ ಅದು ಮುಂದೆ ಬೇಕಾಗುತ್ತದೆ.

ಕಳೆದ ಮಳೆಗಾಲ ಮುಗಿದು ಬೈಕನ್ನು ಶೆಡ್ಡಿನಿಂದ ಹೊರಗೆ ತೆಗೆದಾಗ ಅದರ ನಡತೆ ಕೆಟ್ಟುಹೋಗಿತ್ತು. ಬೆಳಿಗ್ಗೆ ಚೋಕ್ ಎಳೆದರೆ ಮಾತ್ರ ಸ್ಟಾರ್ಟ್ ಆಗುತ್ತಿತ್ತು. ಬಿಸಿಯಾದ ಮೇಲೆ ಎಕ್ಸಲರೇಟರ್ ಬಿಟ್ಟರೂ ಎಂಜಿನ್ ಸ್ಪೀಡು ಕೂಡಲೇ ಇಳಿಯದೆ ಮೂರು ನಾಲ್ಕು ಸೆಕೆಂಡು ಮೇಲೆಯೇ ನಿಂತು, ಆಮೇಲೆ ನಿಧಾನವಾಗಿ ಕೆಳಗೆ ಬರುತ್ತಿತ್ತು. ಇಳಿಜಾರಿನಲ್ಲಿ ಸೈಲೆನ್ಸರ್ ಪಟ್ ಪಟ್ ಎಂದು ಸಿಡಿಯುತ್ತಿತ್ತು. ಅರ್ಧಕ್ಕಿಂತ ಹೆಚ್ಚು ರೇಸ್ ಕೊಟ್ಟರೆ ಪಿಕಪ್ ಇರುತ್ತಿರಲಿಲ್ಲ, ಏರಿನಲ್ಲಿ ಎಂಜಿನ್ ಉಸಿರು ಕಟ್ಟಿದಂತೆ ಆಡುತ್ತಿತ್ತು. ಪ್ಲಗ್ ಬಿಚ್ಚಿ ನೋಡಿದಾಗ ಪಿಂಗಾಣಿಯ ಭಾಗ ಸುಣ್ಣ ಬಳಿದಷ್ಟು ಬೆಳ್ಳಗಿತ್ತು, ಅಂದರೆ ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾಗುತ್ತಿದೆ ಎಂದೇ ಅರ್ಥ. ಆ ಸಮಯದಲ್ಲಿ ನಾನು ಶಾಂತವಾಗಿ ಯೋಚಿಸಿದ್ದರೆ ಈ ಲಕ್ಷಣಗಳೆಲ್ಲ ಎತ್ತ ಬೆರಳು ತೋರಿಸುತ್ತಿವೆ ಎಂಬುದು ತಿಳಿಯುತ್ತಿತ್ತು. ಆದರೆ ಒಳ್ಳೆಯ ಕಾರ್ಬೊರೇಟರ್ ಒಂದನ್ನು ಹಾಕಬೇಕೆಂಬ ಆಸೆ ಎರಡು ವರ್ಷಗಳಿಂದ ಮನಸ್ಸಿನಲ್ಲಿತ್ತು, ಅದಕ್ಕೊಂದು ಕಾರಣ ಸಿಕ್ಕಂತಾಯಿತು.

ಇಂಪಲ್ಸಿನ ಹಳೆಯ ಕಾರ್ಬೊರೇಟರ್ ಸಿವಿ ಮಾದರಿಯದು. ಅದರಲ್ಲಿ ಎಕ್ಸಲರೇಟರ್ ಕೇಬಲ್ ಎಳೆಯುವುದು ಒಂದು ಬಟರ್‌ಫ್ಲೈ ತಟ್ಟೆಯನ್ನು ಮಾತ್ರ. ನೀಡಲ್ (ಪೆಟ್ರೋಲಿನ ತೂತಿನೊಳಗೆ ಏರಿಳಿಯುವ ಸೂಜಿ) ಕಟ್ಟಿಕೊಂಡಿರುವ ಸ್ಲೈಡು, ಅಂದರೆ ನಮ್ಮ ಮೆಕ್ಯಾನಿಕ್‌ಗಳು ಪಿಸ್ಟನ್ ಎಂದು ಕರೆಯುವ ಭಾಗ, ಎಂಜಿನ್ ಎಳೆಯುವ ಗಾಳಿಯ ಬಲದಿಂದ ಡಯಾಫ್ರಮ್ ಎಂಬ ತೆಳು ರಬ್ಬರ್ ಪೊರೆಯ ಮೂಲಕ ತಾನೇ ಮೇಲೇರುತ್ತದೆ. ಪಿಡಬ್ಲ್ಯೂಕೆಯಲ್ಲಿ ಈ ಮಧ್ಯವರ್ತಿ ಇಲ್ಲ. ಕೇಬಲ್ ನೇರವಾಗಿ ಸ್ಲೈಡನ್ನೇ ಎತ್ತುತ್ತದೆ, ಕೈ ತಿರುಗಿದಷ್ಟು ಗಾಳಿ ಹೋಗುವ ಬಾಯಿ ತೆರೆಯುತ್ತದೆ (ಹೆಸರಿನ 28 ಎಂಬುದು ಈ ಬಾಯಿಯ ಮಿಲಿಮೀಟರ್ ಅಳತೆ). ಕಾಗದದ ಮೇಲೆ ನೋಡಿದರೆ ಎರಡನೆಯದೇ ಚುರುಕು ಎಂದು ಯಾರಿಗಾದರೂ ಅನ್ನಿಸುತ್ತದೆ. ನನಗೂ ಹಾಗೆಯೇ ಅನ್ನಿಸಿತು.

ಮಾರುಕಟ್ಟೆಯಲ್ಲಿ ಪಿಡಬ್ಲ್ಯೂಕೆ 28 ಎಂಬ ಹೆಸರಿನಲ್ಲಿ ಎರಡೂವರೆ ಸಾವಿರಕ್ಕೂ ಕಾರ್ಬೊರೇಟರ್ ಸಿಗುತ್ತದೆ, ಅದರ ಏಳೆಂಟು ಪಟ್ಟು ಬೆಲೆಗೂ ಸಿಗುತ್ತದೆ. ಅಗ್ಗದವು ನಕಲಿ. ಪರಿಚಯದ ಹುಡುಗನೊಬ್ಬನ ಬೈಕಿನಿಂದ ಅಂಥದ್ದೊಂದನ್ನು ಬಿಚ್ಚಿ ಅಸಲಿಯ ಪಕ್ಕದಲ್ಲಿಟ್ಟು ನೋಡುವ ಅವಕಾಶ ನನಗೆ ಸಿಕ್ಕಿತ್ತು. ಅಸಲಿಯ ಸ್ಲೈಡನ್ನು ಒಣಗಿದ ಸ್ಥಿತಿಯಲ್ಲಿ ಬೆರಳಿನಿಂದ ಬಿಟ್ಟರೆ ಒಂದೇ ಓಟದಲ್ಲಿ ಜಾರಿ ಬುಡಕ್ಕೆ ಟಕ್ ಎಂದು ತಾಗುತ್ತದೆ, ಪಕ್ಕಕ್ಕೆ ಅಲುಗಿಸಿದರೆ ಅಲುಗುವುದೇ ಇಲ್ಲ. ನಕಲಿಯ ಸ್ಲೈಡು ಮಧ್ಯದಲ್ಲಿ ಒಮ್ಮೆ ತಡೆದು ಇಳಿಯಿತು, ಅಲುಗಿಸಿದಾಗ ಕಟಕಟ ಸದ್ದು ಮಾಡಿತು. ಅದರ ಜೆಟ್ಟಿನ ಮೇಲೆ ಕೊರೆದಿದ್ದ ಸಂಖ್ಯೆಗೂ ತೂತಿನ ಗಾತ್ರಕ್ಕೂ ಸಂಬಂಧವೇ ಇರಲಿಲ್ಲ. ಆದ್ದರಿಂದ ಹಾಕುವುದಾದರೆ ಅಸಲಿಯನ್ನೇ ಹಾಕಬೇಕು ಎಂದು ತೀರ್ಮಾನಿಸಿ 17,800 ರೂಪಾಯಿ ಕೊಟ್ಟು ತರಿಸಿದೆ. ಆ ಒಂದು ತೀರ್ಮಾನದ ಬಗ್ಗೆ ನನಗೆ ಈಗಲೂ ಬೇಸರವಿಲ್ಲ. ನಕಲಿ ಕಾರ್ಬೊರೇಟರಿಗೆ ಟ್ಯೂನಿಂಗ್ ಮಾಡಲು ಕೂರುವುದೆಂದರೆ ಸರಿಯಿಲ್ಲದ ತಕ್ಕಡಿಯಲ್ಲಿ ಕಾಫಿ ತೂಗಿದಂತೆ, ಎಷ್ಟು ಸಲ ತೂಗಿದರೂ ಲೆಕ್ಕ ಕೂಡುವುದಿಲ್ಲ.

ಅಳವಡಿಸುವ ಕೆಲಸ ಎರಡು ಭಾನುವಾರಗಳನ್ನು ತೆಗೆದುಕೊಂಡಿತು. ಹೊಸ ಕಾರ್ಬೊರೇಟರಿನ ಕತ್ತು ಹಳೆಯ ಮ್ಯಾನಿಫೋಲ್ಡ್ ರಬ್ಬರಿನೊಳಗೆ (ಕಾರ್ಬೊರೇಟರನ್ನು ಎಂಜಿನ್ನಿಗೆ ಜೋಡಿಸುವ ರಬ್ಬರ್ ಕೊಳವೆ) ಕೂರಲಿಲ್ಲವಾದ್ದರಿಂದ ಅದಕ್ಕೆ ಹೊಂದುವ ಹೊಸ ರಬ್ಬರನ್ನೂ, ಅದನ್ನು ಎಂಜಿನ್ ಹೆಡ್ಡಿಗೆ ಕೂರಿಸಲು ಅಲ್ಯೂಮಿನಿಯಂ ಅಡಾಪ್ಟರನ್ನೂ ತರಿಸಬೇಕಾಯಿತು. ಎಕ್ಸಲರೇಟರ್ ಕೇಬಲ್ಲಿನ ತುದಿ ಬೇರೆಯಾದ್ದರಿಂದ ಹಾಸನದಲ್ಲಿ ಹೊಸ ಕೇಬಲ್ ಮಾಡಿಸಿದೆ. ಇವೆಲ್ಲ ಸೇರಿ 1,900 ರೂಪಾಯಿ. ಏರ್ ಫಿಲ್ಟರ್ ಕಡೆಯ ರಬ್ಬರ್ ತುಸು ಎಳೆದು ಹಿಡಿಸಿದ ಮೇಲೆ ಕೂತಿತು. ಫಿಲ್ಟರ್ ಪೆಟ್ಟಿಗೆಯನ್ನು ಕಿತ್ತು ಶಂಕುವಿನಾಕಾರದ ತೆರೆದ ಫಿಲ್ಟರ್ ಹಾಕಿ ಎಂದು ಹಲವರು ಸಲಹೆ ಕೊಟ್ಟರು. ನಮ್ಮ ಕಡೆಯ ಕೆಂಪು ಧೂಳಿನಲ್ಲಿ, ಮೊಣಕಾಲೆತ್ತರದ ನೀರಿನಲ್ಲಿ ಅದು ಎಂಜಿನ್ನಿಗೆ ಮಾಡುವ ಅನ್ಯಾಯ ಎಂದು ನಾನು ಭಾವಿಸುತ್ತೇನೆ, ಹಾಗಾಗಿ ಪೆಟ್ಟಿಗೆಯನ್ನು ಮುಟ್ಟಲಿಲ್ಲ.

ಹೊಸ ರಬ್ಬರ್ ಹಾಕಿದ ಸಂಗತಿಯನ್ನು ಓದುಗರು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು. ಆ ದಿನ ನಾನು ಅದಕ್ಕೆ ಯಾವ ಮಹತ್ವವನ್ನೂ ಕೊಟ್ಟಿರಲಿಲ್ಲ.

ಮೊದಲ ಸಲ ಸ್ಟಾರ್ಟ್ ಮಾಡಿದಾಗ ಆದ ಸಂತೋಷವನ್ನು ಮುಚ್ಚಿಡಲಾರೆ. ಎಂಜಿನ್ ಸ್ಲೋ ಸ್ಪೀಡಿನಲ್ಲಿ ಸ್ಥಿರವಾಗಿ ನಿಂತಿತು, ಎಕ್ಸಲರೇಟರ್ ಬಿಟ್ಟ ಕೂಡಲೇ ಸ್ಪೀಡು ಇಳಿಯಿತು, ಸೈಲೆನ್ಸರಿನ ಸಿಡಿತ ನಿಂತುಹೋಯಿತು. ಇದೆಲ್ಲ ಕಾರ್ಬೊರೇಟರಿನ ಮಹಿಮೆ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಆ ಪುಟವನ್ನು ಹರಿಯದೆ ಹಾಗೆಯೇ ಇಟ್ಟಿದ್ದೇನೆ.

ಆದರೆ ಓಡಿಸುವಾಗ ಬೇರೆ ತೊಂದರೆಗಳು ಕಾಣಿಸಿಕೊಂಡವು. ಪಿಡಬ್ಲ್ಯೂಕೆ 28 ಮೂಲದಲ್ಲಿ ಯಾವ ಗಾಡಿಗೆ ಹೊಂದುವ ವಸ್ತು ಎಂಬುದನ್ನು ಇಲ್ಲಿ ಹೇಳಬೇಕು. ಯಮಹಾ ವೈಝಡ್ 85, ಕವಾಸಾಕಿ ಕೆಎಕ್ಸ್ 85 ಎಂಬ ಟೂ ಸ್ಟ್ರೋಕ್ ಮೋಟೋಕ್ರಾಸ್ ಬೈಕುಗಳಲ್ಲಿ ಕಂಪನಿಯವರೇ ಇದನ್ನು ಹಾಕುತ್ತಿದ್ದರು. ಅವು ಯಾವಾಗಲೂ ಮೇಲಿನ ಆರ್‌ಪಿಎಮ್‌ನಲ್ಲಿಯೇ ಬದುಕುವ ಎಂಜಿನ್ನುಗಳು. ನನ್ನ ಎಂಜಿನ್ ಫೋರ್ ಸ್ಟ್ರೋಕ್, ಎರಡು ಸುತ್ತಿಗೆ ಒಮ್ಮೆ ಮಾತ್ರ ಉಸಿರೆಳೆಯುವಂಥದ್ದು. ತೋಟದ ಜಾಡಿನಲ್ಲಿ ಅದು ಹೆಚ್ಚು ಹೊತ್ತು ಇರುವುದು ಎರಡು ಸಾವಿರದಿಂದ ನಾಲ್ಕೂವರೆ ಸಾವಿರ ಆರ್‌ಪಿಎಮ್‌ನೊಳಗೆ. ಬಾಯಿ ದೊಡ್ಡದಾದಷ್ಟೂ ಗಾಳಿಯ ವೇಗ ಕಡಿಮೆಯಾಗುತ್ತದೆ. ಉದಾಹರಣೆಗೆ 24 ಮಿಲಿಮೀಟರಿನ ಬಾಯಿಯನ್ನು 28ಕ್ಕೆ ಏರಿಸಿದರೆ ವಿಸ್ತೀರ್ಣ ಶೇಕಡ 36ರಷ್ಟು ಹೆಚ್ಚುತ್ತದೆ, ಎಂಜಿನ್ ಎಳೆಯುವ ಗಾಳಿ ಅಷ್ಟೇ ಇದ್ದರೆ ವೇಗ ನಾಲ್ಕನೇ ಒಂದಕ್ಕಿಂತ ಹೆಚ್ಚು ಕುಸಿಯುತ್ತದೆ. ಪೆಟ್ರೋಲನ್ನು ಜೆಟ್ಟಿನಿಂದ ಮೇಲಕ್ಕೆಳೆದು ಹನಿಯಾಗಿ ಒಡೆಯುವುದು ಈ ವೇಗವೇ ಆದ್ದರಿಂದ ಕೆಳಗಿನ ಆರ್‌ಪಿಎಮ್‌ನಲ್ಲಿ ಅದರ ಕೊರತೆ ಕೂಡಲೇ ಗೊತ್ತಾಗುತ್ತದೆ.

ನನಗೆ ಅದು ಗೊತ್ತಾದದ್ದು ಪಂಪ್‌ಹೌಸಿನ ಏರಿನಲ್ಲಿ. ನಮ್ಮ ತೋಟದಲ್ಲಿ ಹೊಳೆಯ ಬದಿಯ ಪಂಪ್‌ಹೌಸಿನಿಂದ ಕಾಫಿ ಕಣದವರೆಗೆ ಸುಮಾರು 700 ಮೀಟರಿನ ಕಡಿದಾದ ಜಾಡು ಇದೆ. ಅದರ ಎರಡನೆಯ ತಿರುವಿನಲ್ಲಿ ಮೊಣಕಾಲೆತ್ತರದ ಬಂಡೆಯ ಮೆಟ್ಟಿಲಿದೆ. ಅದರ ಬುಡಕ್ಕೆ ನಡಿಗೆಯ ವೇಗದಲ್ಲಿ ಬಂದು, ಫಸ್ಟ್ ಗೇರಿನಲ್ಲಿ ಕ್ಲಚ್ ಸ್ವಲ್ಪ ಒತ್ತಿ, ಒಮ್ಮೆ ಗಟ್ಟಿಯಾಗಿ ರೇಸ್ ಕೊಟ್ಟು ಮುಂಚಕ್ರವನ್ನು ಎತ್ತಿ ಹತ್ತಿಸಬೇಕು. ಹೊಸ ಕಾರ್ಬೊರೇಟರಿನಲ್ಲಿ ಹೀಗೆ ರೇಸ್ ಕೊಟ್ಟಾಗ ಎಂಜಿನ್ ಒಂದು ಕ್ಷಣ 'ಬ್ವಾ' ಎಂದು ತೇಗಿ ಸುಮ್ಮನಾಗುತ್ತಿತ್ತು, ಕೆಲವೊಮ್ಮೆ ನಿಂತೇ ಹೋಗುತ್ತಿತ್ತು. ಕಾರಣ ಸರಳ. ಕೈ ತಿರುಗಿಸಿದ ಕೂಡಲೇ ಸ್ಲೈಡು ಪೂರ್ತಿ ಮೇಲೇಳುತ್ತದೆ, ಬಾಯಿ ಒಮ್ಮೆಲೇ ತೆರೆದುಕೊಳ್ಳುತ್ತದೆ, ಗಾಳಿ ಒಳಗೆ ನುಗ್ಗುತ್ತದೆ, ಆದರೆ ಗಾಳಿಗಿಂತ ಭಾರವಾದ ಪೆಟ್ರೋಲ್ ಹಿಂದೆ ಉಳಿಯುತ್ತದೆ. ಈ ಕೊರತೆಯನ್ನು ತುಂಬಲೆಂದೇ ಕೇಹಿನ್ ಎಫ್‌ಸಿಆರ್‌ನಂಥ ಫೋರ್ ಸ್ಟ್ರೋಕ್ ರೇಸಿಂಗ್ ಕಾರ್ಬೊರೇಟರುಗಳಲ್ಲಿ ಎಕ್ಸಲರೇಟರ್ ಪಂಪ್ ಇರುತ್ತದೆ. ಕೈ ತಿರುಗಿದ ಕ್ಷಣದಲ್ಲೇ ಅದು ಪಿಚಕಾರಿಯಂತೆ ಒಂದಿಷ್ಟು ಪೆಟ್ರೋಲನ್ನು ಒಳಗೆ ಚಿಮ್ಮಿಸುತ್ತದೆ. ಪಿಡಬ್ಲ್ಯೂಕೆಯಲ್ಲಿ ಆ ಪಂಪ್ ಇಲ್ಲ. ನಾನು ಹಳೆಯದೆಂದು ಕಡೆಗಣಿಸಿದ್ದ ಸಿವಿ ಕಾರ್ಬೊರೇಟರಿಗೆ ಆ ಪಂಪಿನ ಅಗತ್ಯವೇ ಅಷ್ಟಾಗಿ ಬೀಳುವುದಿಲ್ಲ, ಏಕೆಂದರೆ ನಾವು ಎಷ್ಟೇ ಆತುರಪಟ್ಟು ತಿರುಗಿಸಿದರೂ ಅದರ ಸ್ಲೈಡು ಎಂಜಿನ್ ಎಳೆಯುವಷ್ಟೇ ಮೇಲೇಳುತ್ತದೆ.

ಇಲ್ಲಿಂದ ಮುಂದೆ ಎರಡೂವರೆ ತಿಂಗಳು ಜೆಟ್ಟಿಂಗ್, ಅಂದರೆ ಸರಿಯಾದ ಜೆಟ್ಟುಗಳನ್ನು ಹುಡುಕಿ ಕೂರಿಸುವ ಕೆಲಸ ನಡೆಯಿತು. ಎಕ್ಸಲರೇಟರ್ ಹಿಡಿಯ ಮೇಲೆ ಬಿಳಿ ಟೇಪು ಸುತ್ತಿ ಕಾಲು, ಅರ್ಧ, ಮುಕ್ಕಾಲು ಎಂದು ಪೆನ್ನಿನಲ್ಲಿ ಗೆರೆ ಎಳೆದೆ, ಸ್ವಿಚ್ ಪೆಟ್ಟಿಗೆಯ ಮೇಲೊಂದು ಗೆರೆ ಎಳೆದೆ. ಯಾವ ಗೆರೆಯ ಬಳಿ ಮಿಸ್ಸಿಂಗ್ ಬರುತ್ತದೆ ಎಂಬುದನ್ನು ನೋಡಿದರೆ ಯಾವ ಭಾಗವನ್ನು ಮುಟ್ಟಬೇಕೆಂಬುದು ತಿಳಿಯುತ್ತದೆ. ಕಾಲು ಭಾಗದವರೆಗೆ ಪೈಲಟ್ ಜೆಟ್, ಏರ್ ಸ್ಕ್ರೂ ಮತ್ತು ಸ್ಲೈಡಿನ ಕೆಳಗಿನ ಓರೆ ಕೊರೆತ. ಕಾಲಿನಿಂದ ಮುಕ್ಕಾಲಿನವರೆಗೆ ನೀಡಲ್. ಅದರ ಮೇಲೆ ಮೈನ್ ಜೆಟ್. ಹಲವರು ಎಡವುವ ಒಂದು ಜಾಗವನ್ನು ಇಲ್ಲಿ ಗುರುತಿಸುವುದು ಒಳ್ಳೆಯದು. ಪಿಡಬ್ಲ್ಯೂಕೆಯ ಸ್ಕ್ರೂ ಏರ್ ಫಿಲ್ಟರಿನ ಕಡೆಗಿದೆ, ಅದು ಗಾಳಿಯನ್ನು ನಿಯಂತ್ರಿಸುತ್ತದೆ, ಹೊರಕ್ಕೆ ತಿರುಗಿಸಿದರೆ ಪೆಟ್ರೋಲ್ ಕಡಿಮೆಯಾಗುತ್ತದೆ. ಸಿವಿ ಕಾರ್ಬೊರೇಟರಿನ ಸ್ಕ್ರೂ ಎಂಜಿನ್ ಕಡೆಗಿದೆ, ಅದನ್ನು ಹೊರಕ್ಕೆ ತಿರುಗಿಸಿದರೆ ಪೆಟ್ರೋಲ್ ಹೆಚ್ಚಾಗುತ್ತದೆ. ಒಂದರ ಅಭ್ಯಾಸವನ್ನು ಇನ್ನೊಂದಕ್ಕೆ ತಂದರೆ ಇಡೀ ದಿನ ತಿರುಗುಮುರುಗಾಗಿ ಟ್ಯೂನ್ ಮಾಡುತ್ತಾ ಕೂರಬೇಕಾಗುತ್ತದೆ.

ಜೆಟ್ಟುಗಳಿಗೇ 2,600 ರೂಪಾಯಿ ಆಯಿತು. ಕೇಹಿನ್ ಜೆಟ್ಟಿನ ಸಂಖ್ಯೆ ತೂತಿನ ವ್ಯಾಸವನ್ನು ಹೇಳುತ್ತದೆ, 110 ಎಂದರೆ ಸುಮಾರು 1.10 ಮಿಲಿಮೀಟರ್. ಮಿಕುನಿ ಎಂಬ ಇನ್ನೊಂದು ಕಾರ್ಬೊರೇಟರ್ ಕಂಪನಿಯ ಆರು ಮೂಲೆಯ ಮೈನ್ ಜೆಟ್ಟಿನ ಸಂಖ್ಯೆ ಹರಿವಿನ ಪ್ರಮಾಣವನ್ನು ಹೇಳುತ್ತದೆ. ಆದ್ದರಿಂದ ಒಬ್ಬರ ಮಿಕುನಿಯ ಸೆಟ್ಟಿಂಗನ್ನು ಕೇಳಿ ನಮ್ಮ ಕೇಹಿನ್‌ಗೆ ಹಾಕಿಕೊಳ್ಳುವುದರಲ್ಲಿ ಅರ್ಥವಿಲ್ಲ. ಪೈಲಟ್ ಜೆಟ್ಟನ್ನು ಎರಡು ಮೆಟ್ಟಿಲು ದೊಡ್ಡದು ಮಾಡಿ, ನೀಡಲ್ ಕ್ಲಿಪ್ಪನ್ನು ಒಂದು ಕಚ್ಚು ಕೆಳಕ್ಕೆ ಇಳಿಸಿದ ಮೇಲೆ ಬಂಡೆಯ ಬಳಿಯ ತೇಗು ಕಡಿಮೆಯಾಯಿತು. ಪೂರ್ತಿ ಹೋಗಲಿಲ್ಲ. ಅದಕ್ಕೆ ತೆತ್ತ ಬೆಲೆಯೂ ಇತ್ತು: ಎಮಿಷನ್ ಟೆಸ್ಟಿಗೆ ಹೋದಾಗ ಸ್ಲೋ ಸ್ಪೀಡಿನಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇಕಡ 4.8 ಬಂತು, ಪ್ರಮಾಣಪತ್ರ ಸಿಗಲಿಲ್ಲ. ಅಂದಹಾಗೆ, ಕೈಯಲ್ಲಿ ಬೇರೆ ಉಪಕರಣವಿಲ್ಲದವರಿಗೆ ಎಮಿಷನ್ ಟೆಸ್ಟಿನ ಯಂತ್ರ ಬಹಳ ಉಪಯುಕ್ತವಾದದ್ದು. ಸ್ಲೋ ಸ್ಪೀಡಿನ ಮಿಶ್ರಣ ಎಷ್ಟು ದಪ್ಪಗಿದೆ, ಅಂದರೆ ಅದರಲ್ಲಿ ಪೆಟ್ರೋಲ್ ಎಷ್ಟು ಹೆಚ್ಚಿದೆ ಎಂಬುದನ್ನು ಅದು ಅಂಕಿಯಲ್ಲೇ ಹೇಳಿಬಿಡುತ್ತದೆ.

ಎತ್ತರದ ವಿಷಯವೂ ನನ್ನನ್ನು ಕಾಡಿತು. ಸಾವಿರ ಮೀಟರ್ ಮೇಲೇರಿದರೆ ಗಾಳಿಯ ಸಾಂದ್ರತೆ ಹೆಚ್ಚುಕಡಿಮೆ ಶೇಕಡ ಹತ್ತರಷ್ಟು ಇಳಿಯುತ್ತದೆ, ಸಾಮಾನ್ಯ ಕಾರ್ಬೊರೇಟರಿನಲ್ಲಿ ಮಿಶ್ರಣ ಅದರ ಅರ್ಧದಷ್ಟು, ಅಂದರೆ ಶೇಕಡ ಐದರಷ್ಟು ದಪ್ಪವಾಗುತ್ತದೆ. ಇದರ ಎದುರು ದಿಕ್ಕಿನಲ್ಲಿ ಕೆಲಸ ಮಾಡುವುದು ಶೇಕಡ 20ರಷ್ಟು ಎಥೆನಾಲ್ ಬೆರೆಸಿದ ಈಗಿನ ಇ20 ಪೆಟ್ರೋಲ್. ಶುದ್ಧ ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕಾದರೆ ಇ20ಕ್ಕೆ ಸುಮಾರು 13.5 ಪಾಲು ಸಾಕು, ಆದ್ದರಿಂದ ಹಳೆಯ ಜೆಟ್ಟಿನಲ್ಲಿ ಇ20 ಸುರಿದರೆ ಮಿಶ್ರಣ ಬಡವಾಗುತ್ತದೆ. ಮಲೆನಾಡಿನಲ್ಲಿ ಈ ಎರಡು ಪರಿಣಾಮಗಳು ಒಂದನ್ನೊಂದು ಬಹುಮಟ್ಟಿಗೆ ಸರಿದೂಗಿಸುತ್ತವೆ. ಆದರೆ ಡಿಸೆಂಬರಿನಲ್ಲಿ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋದಾಗ ಎತ್ತರದ ಸಹಾಯ ಇಲ್ಲವಾಯಿತು, ತೋಟಕ್ಕೆಂದು ಕೂರಿಸಿದ್ದ ಮೈನ್ ಜೆಟ್ ಅಲ್ಲಿಯ ದಟ್ಟವಾದ ಗಾಳಿಗೆ ಸಾಲದೆ ಮುಕ್ಕಾಲು ರೇಸಿನಲ್ಲಿ ಎಂಜಿನ್ ಬಿಸಿಯಾಗಿ ಕಟಕಟ ಹೊಡೆಯತೊಡಗಿತು. ಬಿ.ಸಿ. ರೋಡ್ ದಾಟಿದ ಮೇಲೆ ಮರದ ನೆರಳಿನಲ್ಲಿ ನಿಲ್ಲಿಸಿ, ಬಿಸಿ ಎಂಜಿನ್ನಿನ ಪಕ್ಕದಲ್ಲಿ ಬೌಲ್ (ಕಾರ್ಬೊರೇಟರಿನ ತಳದ ಪೆಟ್ರೋಲ್ ಬಟ್ಟಲು) ಬಿಚ್ಚಿ ಜೆಟ್ ಬದಲಾಯಿಸಿದೆ. ಇದೇ ದಾರಿಯಲ್ಲಿ ಹತ್ತು ವರ್ಷ ಹಳೆಯ ಕಾರ್ಬೊರೇಟರಿನಲ್ಲಿ ಓಡಾಡಿದ್ದೇನೆ, ಒಮ್ಮೆಯೂ ಸ್ಪ್ಯಾನರ್ ಹಿಡಿದಿರಲಿಲ್ಲ.

ಮಂಗಳೂರಿನಿಂದ ಹಿಂತಿರುಗಿದ ವಾರವೇ ನಮ್ಮೂರಿನ ಮೆಕ್ಯಾನಿಕ್ ಬಳಿ ಹೋದೆ. ಮೂವತ್ತು ವರ್ಷಗಳಿಂದ ಅದೇ ಶೆಡ್ಡಿನಲ್ಲಿ ಕೆಲಸ ಮಾಡುವವರು, ಮಾತು ಕಡಿಮೆ. ನಾನು ಹೊಸ ಕಾರ್ಬೊರೇಟರಿನ ಗುಣಗಳನ್ನು ಹೇಳುತ್ತಾ, ಸ್ಲೋ ಸ್ಪೀಡು ಸರಿಹೋದದ್ದನ್ನು, ಸಿಡಿತ ನಿಂತದ್ದನ್ನು ವರ್ಣಿಸುತ್ತಿದ್ದಾಗ ಅವರು ಕೈಯಲ್ಲಿದ್ದ ಬಟ್ಟೆಯನ್ನು ಮಡಚಿಟ್ಟು ಕೇಳಿದರು:

"ಗೌಡ್ರೇ, ಇದನ್ನ ಹಾಕೋವಾಗ ಮ್ಯಾನಿಫೋಲ್ಡ್ ರಬ್ಬರ್ ಹಳೇದೇ ಹಾಕಿದ್ರೋ, ಹೊಸದೋ?"

"ಹೊಸದೇ ಅಣ್ಣ. ಹಳೇದು ಹಿಡಿಸ್ಲಿಲ್ಲ."

"ಹಂಗಾದ್ರೆ ಸರಿಹೋಗಿದ್ದು ಯಾವುದ್ರಿಂದ ಅಂತ ಹೆಂಗೆ ಹೇಳ್ತೀರಿ?"

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಮನೆಗೆ ಬಂದು ಹಳೆಯ ರಬ್ಬರನ್ನು ಡಬ್ಬಿಯಿಂದ ಹುಡುಕಿ ತೆಗೆದೆ. ಮೇಲ್ನೋಟಕ್ಕೆ ಏನೂ ಆಗಿರಲಿಲ್ಲ. ಎರಡೂ ಹೆಬ್ಬೆರಳಿನಿಂದ ಹಿಗ್ಗಿಸಿ ಹಿಡಿದಾಗ ಕೆಳಭಾಗದಲ್ಲಿ, ಕ್ಲಿಪ್ಪು ಕೂರುವ ತೋಡಿನ ಪಕ್ಕದಲ್ಲೇ, ಉಗುರಿನಷ್ಟು ಉದ್ದದ ಸೀಳು ತೆರೆದುಕೊಂಡಿತು. ಕೈ ಸಡಿಲಿಸಿದರೆ ಮತ್ತೆ ಮುಚ್ಚಿಕೊಂಡು ಕಾಣದಂತಾಗುತ್ತಿತ್ತು. ಎಂಜಿನ್ನಿನ ಒಳಗೆ ಎಳೆತ ಹೆಚ್ಚಾಗಿರುವಾಗ, ಅಂದರೆ ಎಕ್ಸಲರೇಟರ್ ಮುಚ್ಚಿರುವಾಗ, ಈ ಸೀಳಿನಿಂದ ಲೆಕ್ಕಕ್ಕಿಲ್ಲದ ಗಾಳಿ ಒಳಗೆ ಹೋಗುತ್ತಿತ್ತು. ಸ್ಪೀಡು ಮೇಲೆಯೇ ನಿಲ್ಲುತ್ತಿದ್ದುದು, ಸೈಲೆನ್ಸರ್ ಸಿಡಿಯುತ್ತಿದ್ದುದು, ಪ್ಲಗ್ ಬೆಳ್ಳಗಾದದ್ದು, ಎಲ್ಲದಕ್ಕೂ ಇದೊಂದೇ ಕಾರಣ ಸಾಕಾಗಿತ್ತು. ಎಂಜಿನ್ ಸ್ಲೋ ಸ್ಪೀಡಿನಲ್ಲಿರುವಾಗ ರಬ್ಬರಿನ ಸುತ್ತ ಸೋಪಿನ ನೀರನ್ನು ಸಿಂಪಡಿಸಿದ್ದರೆ ಸದ್ದು ಬದಲಾಗಿ ಇದು ಐದು ನಿಮಿಷದಲ್ಲಿ ಪತ್ತೆಯಾಗುತ್ತಿತ್ತು. ನಾನು ಆ ಐದು ನಿಮಿಷವನ್ನು ಕೊಟ್ಟಿರಲಿಲ್ಲ.

ಹಳೆಯ ಕಾರ್ಬೊರೇಟರಿನ ಮುಚ್ಚಳ ತೆಗೆದು ಡಯಾಫ್ರಮ್ಮನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಕಪ್ಪು ರಬ್ಬರಿನ ಮಡಿಕೆಯಲ್ಲಿ, ಸ್ಲೈಡಿಗೆ ಅಂಟಿಕೊಳ್ಳುವ ಜಾಗದ ಹತ್ತಿರ, ಸೂಜಿಮೊನೆಯಷ್ಟು ಬೆಳಕು ಕಂಡಿತು. ಬೆರಳಿನಿಂದ ಮಡಿಕೆಯನ್ನು ಸ್ವಲ್ಪ ಅಗಲಿಸಿದಾಗ ಅದು ಒಂದಲ್ಲ, ಅಕ್ಕಪಕ್ಕದ ಮೂರು ತೂತುಗಳು. ಮೇಲಿನ ಕೋಣೆಯ ಎಳೆತ ಈ ತೂತುಗಳಿಂದ ಸೋರಿಹೋಗಿ ಸ್ಲೈಡು ಅರ್ಧದಾರಿಯಲ್ಲೇ ನಿಲ್ಲುತ್ತಿತ್ತು. ಅರ್ಧ ರೇಸಿನ ಮೇಲೆ ಪಿಕಪ್ ಇಲ್ಲದಿದ್ದುದಕ್ಕೆ ಇದೇ ಕಾರಣ. ರಬ್ಬರಿಗೆ ವಯಸ್ಸಾಗಿತ್ತು, ಪ್ರತಿ ಮಳೆಗಾಲದಲ್ಲಿ ನಾಲ್ಕು ತಿಂಗಳು ಬೌಲಿನಲ್ಲಿ ಪೆಟ್ರೋಲ್ ತುಂಬಿಯೇ ನಿಲ್ಲಿಸುತ್ತಿದ್ದ ನನ್ನ ಅಭ್ಯಾಸವೂ ಅದಕ್ಕೆ ಒಳ್ಳೆಯದು ಮಾಡಿರಲಿಲ್ಲ. ಬೌಲಿನ ತಳದಲ್ಲಿ ಹಸಿರು ಬಣ್ಣದ ಅಂಟು ಹಿಡಿದಿತ್ತು, ಎಥೆನಾಲ್ ಹೀರಿಕೊಂಡ ನೀರು ಹಿತ್ತಾಳೆಯನ್ನು ತಿಂದ ಗುರುತು. ಪೈಲಟ್ ಜೆಟ್ಟಿನ ತೂತಿನಲ್ಲಿ ಬೆಳಕೇ ಹಾಯುತ್ತಿರಲಿಲ್ಲ.

ದುರಸ್ತಿಯ ಕೆಲಸ ಅರ್ಧ ದಿನದ್ದು. ಮ್ಯಾನಿಫೋಲ್ಡ್ ರಬ್ಬರ್ 450, ಸ್ಲೈಡಿನ ಸಮೇತ ಡಯಾಫ್ರಮ್ 1,150, ನೀಡಲ್ ಮತ್ತು ಜೆಟ್ಟುಗಳ ಸೆಟ್ 380, ಬೌಲ್ ಗ್ಯಾಸ್ಕೆಟ್ 60 ರೂಪಾಯಿ. ಬಾಡಿಯನ್ನು ಕ್ಲೀನರ್ ದ್ರವದಲ್ಲಿ ಒಂದು ರಾತ್ರಿ ನೆನೆಸಿ, ಎಲ್ಲ ದಾರಿಗಳಿಗೂ ಕಂಪ್ರೆಸರ್ ಗಾಳಿ ಹೊಡೆದೆ. ತೂತುಗಳಿಗೆ ತಂತಿ ಹಾಕಲಿಲ್ಲ, ಹಾಕಲೂಬಾರದು. ತಂತಿಯ ಒಂದು ಗೀರು ಜೆಟ್ಟಿನ ಅಳತೆಯನ್ನೇ ಬದಲಿಸಿಬಿಡುತ್ತದೆ. ಡಯಾಫ್ರಮ್ ಕೂರಿಸುವಾಗ ಅಂಚಿನ ಉಬ್ಬು ತೋಡಿನೊಳಗೆ ಸರಿಯಾಗಿ ಕೂತಿದೆಯೇ ಎಂದು ಎರಡು ಸಲ ನೋಡಬೇಕು, ಅಲ್ಲಿ ಸ್ವಲ್ಪ ಸಿಕ್ಕಿಕೊಂಡರೂ ಮುಚ್ಚಳ ಬಿಗಿಯುವಾಗ ಹೊಸ ರಬ್ಬರ್ ಹರಿಯುತ್ತದೆ. ಕೂರಿಸಿದ ಮೇಲೆ ಸ್ಲೈಡನ್ನು ಬೆರಳಿನಿಂದ ಮೇಲೆತ್ತಿ ಬಿಟ್ಟಾಗ ಅದು ಮೆತ್ತಗೆ, ತಡೆಯಿಲ್ಲದೆ ಇಳಿಯಿತು.

ಆಮೇಲೆ ಮಾಡಿದ್ದು ನನ್ನ ಪಾಲಿಗೆ ಈ ಇಡೀ ಕೆಲಸದ ಮುಖ್ಯ ಭಾಗ. ದುಬಾರಿ ಕಾರ್ಬೊರೇಟರ್ ಹಾಕಿಸಿಕೊಂಡವರಲ್ಲಿ ಹೆಚ್ಚಿನವರು ಹಳೆಯದನ್ನು ಸರಿಪಡಿಸಿ ಮತ್ತೆ ಹಾಕಿ ಹೋಲಿಸಿ ನೋಡುವುದಿಲ್ಲ. ಅವರು ಹೋಲಿಸುವುದು ಕೆಟ್ಟುಹೋದ ಹಳೆಯದನ್ನು, ಸರಿಯಾಗಿರುವ ಹೊಸದರ ಜೊತೆಗೆ. ನಾನು ಒಂದೇ ದಿನ ಬೆಳಿಗ್ಗೆ ಪಿಡಬ್ಲ್ಯೂಕೆಯಲ್ಲಿ ಐದು ಸಲ, ಮಧ್ಯಾಹ್ನ ಹಳೆಯದರಲ್ಲಿ ಐದು ಸಲ ಪಂಪ್‌ಹೌಸಿನಿಂದ ಕಣದವರೆಗೆ ಓಡಿಸಿದೆ. ಟೈರಿನ ಗಾಳಿ ಎರಡು ಹೊತ್ತೂ ಅಷ್ಟೇ, ಪೆಟ್ರೋಲ್ ಒಂದೇ ಕ್ಯಾನಿನದು. ಕಣದಲ್ಲಿ ನಿಂತಿದ್ದ ಮಗ ಮೊಬೈಲಿನಲ್ಲಿ ಸಮಯ ಬರೆದುಕೊಂಡ. ಪಿಡಬ್ಲ್ಯೂಕೆಯ ಸರಾಸರಿ 1 ನಿಮಿಷ 22 ಸೆಕೆಂಡು, ದುರಸ್ತಿಯಾದ ಹಳೆಯದರ ಸರಾಸರಿ 1 ನಿಮಿಷ 23 ಸೆಕೆಂಡು. ಒಂದೇ ಕಾರ್ಬೊರೇಟರಿನ ಐದು ಓಟಗಳೊಳಗೇ ಎರಡು ಮೂರು ಸೆಕೆಂಡಿನ ಏರಿಳಿತ ಇದ್ದುದರಿಂದ ಈ ಒಂದು ಸೆಕೆಂಡನ್ನು ವ್ಯತ್ಯಾಸವೆಂದು ಹೇಳಲು ನಾನು ಸಿದ್ಧನಿಲ್ಲ. ಅಕ್ಟೋಬರಿನಲ್ಲಿ, ಸೀಳಿದ ರಬ್ಬರ್ ಮತ್ತು ತೂತು ಬಿದ್ದ ಡಯಾಫ್ರಮ್ ಇದ್ದಾಗ ಅಳೆದಿದ್ದ ಸಮಯ 1 ನಿಮಿಷ 31 ಸೆಕೆಂಡು. ನನಗೆ ಸಿಕ್ಕ ಲಾಭದ ಬಹುಪಾಲು ಎಲ್ಲಿಂದ ಬಂದಿತ್ತು ಎಂಬುದನ್ನು ಈ ಮೂರು ಅಂಕಿಗಳೇ ಹೇಳುತ್ತವೆ.

ಬಂಡೆಯ ಮೆಟ್ಟಿಲಿನಲ್ಲಿ ವ್ಯತ್ಯಾಸ ಸ್ಪಷ್ಟವಾಗಿತ್ತು, ಆದರೆ ನಾನು ನಿರೀಕ್ಷಿಸಿದ ದಿಕ್ಕಿನಲ್ಲಲ್ಲ. ಹತ್ತು ಸಲ ಹತ್ತಿಸಿದರೆ ಪಿಡಬ್ಲ್ಯೂಕೆಯಲ್ಲಿ ಮೂರು ಸಲ ಎಂಜಿನ್ ನಿಂತಿತು, ಹಳೆಯದರಲ್ಲಿ ಒಮ್ಮೆಯೂ ನಿಲ್ಲಲಿಲ್ಲ. ಒಂದು ಲೀಟರ್ ಅಳೆದು ಹಾಕಿ ತೋಟದಿಂದ ಪೇಟೆಗೆ ಓಡಾಡಿದಾಗ ಪಿಡಬ್ಲ್ಯೂಕೆ 34 ಕಿಲೋಮೀಟರ್ ಕೊಟ್ಟಿತು, ಹಳೆಯದು 43 ಕೊಟ್ಟಿತು. ಎಮಿಷನ್ ಟೆಸ್ಟಿನಲ್ಲಿ ಅಂಕಿ 4.8ರಿಂದ 1.6ಕ್ಕೆ ಇಳಿಯಿತು. ಪಿಡಬ್ಲ್ಯೂಕೆಯ ಪರವಾಗಿ ನ್ಯಾಯವಾಗಿ ಹೇಳಬೇಕಾದದ್ದೂ ಇದೆ. ಆರು ಸಾವಿರ ಆರ್‌ಪಿಎಮ್‌ನ ಮೇಲೆ, ಕಣದ ಹಿಂದಿನ ಬಯಲಿನಲ್ಲಿ, ಕೈಗೂ ಎಂಜಿನ್ನಿಗೂ ನಡುವೆ ಏನೂ ಇಲ್ಲವೆಂಬಂತೆ ಅದು ಸ್ಪಂದಿಸುತ್ತಿತ್ತು. ಆ ಅನುಭವ ಹಳೆಯದರಲ್ಲಿ ಇಲ್ಲ, ಅದನ್ನು ಒಮ್ಮೊಮ್ಮೆ ನೆನೆಸಿಕೊಳ್ಳುತ್ತೇನೆ.

ಹಾಗಾದರೆ ದುಬಾರಿ ಕಾರ್ಬೊರೇಟರ್ ಯಾರಿಗೂ ಬೇಡವೇ ಎಂದರೆ ಹಾಗಲ್ಲ. ಸುಝುಕಿ ಡಿಆರ್-ಝಡ್ 400ರ ಉದಾಹರಣೆ ನೋಡಿ. ಅದರ ಎಸ್ ಮಾದರಿಗೆ ಕಂಪನಿಯವರು 36 ಮಿಲಿಮೀಟರಿನ ಸಿವಿ ಕಾರ್ಬೊರೇಟರ್ ಕೊಟ್ಟರು, ಇ ಮಾದರಿಗೆ ಪಂಪ್ ಇರುವ ಎಫ್‌ಸಿಆರ್ 39 ಕೊಟ್ಟರು. ಎಸ್ ಮಾದರಿಯ ಮಾಲೀಕರು ಎಫ್‌ಸಿಆರ್ ಹಾಕಿಸಿಕೊಂಡು ತೃಪ್ತರಾಗುವುದಕ್ಕೆ ಕಾರಣವಿದೆ: ಎಂಜಿನ್ ದೊಡ್ಡದು, ಅಷ್ಟು ಗಾಳಿಯನ್ನು ಅದು ನಿಜವಾಗಿ ಬಳಸುತ್ತದೆ, ಪಂಪ್ ಇರುವುದರಿಂದ ತೇಗೂ ಇಲ್ಲ. ಆದರೂ ಇ ಮಾದರಿಯ ಶಕ್ತಿ ಪೂರ್ತಿ ಕಾರ್ಬೊರೇಟರಿನದಲ್ಲ, ಅದರ ಕ್ಯಾಮ್ ಮತ್ತು ಕಂಪ್ರೆಷನ್ ಕೂಡ ಬೇರೆ ಎಂಬುದನ್ನು ಮರೆಯಬಾರದು. ಅಮೆರಿಕದ ಲೆಕ್ಟ್ರಾನ್, ಸ್ಮಾರ್ಟ್‌ಕಾರ್ಬ್‌ನಂಥ ಇನ್ನೂ ದುಬಾರಿ ಕಾರ್ಬೊರೇಟರುಗಳಲ್ಲಿ ಮೈನ್ ಜೆಟ್, ಪೈಲಟ್ ಜೆಟ್ ಎಂಬುವೇ ಇಲ್ಲ, ಚಪ್ಪಟೆ ಕೊರೆದ ಒಂದು ಸರಳು ಎಲ್ಲ ಹಂತಗಳಲ್ಲೂ ಪೆಟ್ರೋಲನ್ನು ಅಳೆಯುತ್ತದೆ. ದಿನವೊಂದರಲ್ಲಿ ಸಾವಿರಾರು ಮೀಟರ್ ಏರಿಳಿಯುವ 250, 300 ಸಿಸಿಯ ಟೂ ಸ್ಟ್ರೋಕ್ ಎಂಡ್ಯೂರೋ ಬೈಕಿನವರಿಗೆ ದಾರಿಯಲ್ಲಿ ಜೆಟ್ ಬದಲಾಯಿಸುವ ಕಷ್ಟ ತಪ್ಪುವುದಾದರೆ ಆ ಬೆಲೆ ನ್ಯಾಯವೇ.

ನನ್ನ ಪಿಡಬ್ಲ್ಯೂಕೆಗೂ ಅದರ ಸರಿಯಾದ ಮನೆ ಸಿಕ್ಕಿದೆ. ಹಾಸನದ ಗೆಳೆಯರೊಬ್ಬರು ಯಮಹಾ ಆರ್‌ಎಕ್ಸ್ 135 ಬೈಕನ್ನು ಡರ್ಟ್ ಟ್ರ್ಯಾಕಿಗೆಂದು ಪೋರ್ಟಿಂಗ್ (ಎಂಜಿನ್ನಿನ ಗಾಳಿ, ಹೊಗೆಯ ದಾರಿಗಳನ್ನು ಕೊರೆದು ತಿದ್ದುವ ಕೆಲಸ) ಮಾಡಿಸಿ, ಟೂ ಸ್ಟ್ರೋಕ್ ರೇಸಿಗೆ ಹಾಕುವ ಉಬ್ಬು ಸೈಲೆನ್ಸರ್ ಆದ ಎಕ್ಸ್‌ಪ್ಯಾನ್ಷನ್ ಚೇಂಬರ್ ಹಾಕಿಸಿಕೊಂಡಿದ್ದರು. ಆ ಎಂಜಿನ್ ಮೇಲಿನ ಆರ್‌ಪಿಎಮ್‌ನಲ್ಲೇ ಓಡುವುದರಿಂದ ಅದಕ್ಕೆ ಹಳೆಯ ಸಣ್ಣ ಕಾರ್ಬೊರೇಟರ್ ನಿಜವಾಗಿಯೂ ಅಡ್ಡಿಯಾಗಿತ್ತು. ಎರಡು ದಿನ ಕೂತು ಮೈನ್ ಜೆಟ್ಟನ್ನು ದೊಡ್ಡದರಿಂದ ಶುರು ಮಾಡಿ ಒಂದೊಂದೇ ಮೆಟ್ಟಿಲು ಇಳಿಸುತ್ತಾ ಕೂರಿಸಿದೆವು. ಟೂ ಸ್ಟ್ರೋಕಿನಲ್ಲಿ ಪೆಟ್ರೋಲ್ ಕಡಿಮೆಯಾದರೆ ಪಿಸ್ಟನ್ನೇ ಕರಗುತ್ತದೆಯಾದ್ದರಿಂದ ಯಾವಾಗಲೂ ದಪ್ಪ ಮಿಶ್ರಣದಿಂದಲೇ ಆರಂಭಿಸಬೇಕು. ಟ್ರ್ಯಾಕಿನ ನೇರ ಭಾಗದಲ್ಲಿ ಆ ಬೈಕ್ ಕೂಗುತ್ತಾ ಹೋದುದನ್ನು ಕೇಳಿದಾಗ ಕಾರ್ಬೊರೇಟರ್ ತನ್ನ ಕೆಲಸಕ್ಕೆ ಬಂದಿದೆ ಎಂಬುದು ನನಗೆ ಖಚಿತವಾಯಿತು. ಜೆಟ್ಟುಗಳ ಸಮೇತ ಅವರು 13,000 ರೂಪಾಯಿ ಕೊಟ್ಟರು.

ಆ ಹಣದಲ್ಲಿ ಇಂಪಲ್ಸಿಗೆ ಮುಂಭಾಗದ ಫೋರ್ಕ್ ಸೀಲು ಮತ್ತು ಎಣ್ಣೆ ಬದಲಾಯಿಸಿದೆ, ಮಣ್ಣನ್ನು ಕಚ್ಚಿ ಹಿಡಿಯುವ ಒಂದು ಜೊತೆ ಟೈರು ಹಾಕಿಸಿದೆ. ಪಂಪ್‌ಹೌಸಿನ ಏರಿನ ಸಮಯ ಈಗ 1 ನಿಮಿಷ 16 ಸೆಕೆಂಡು. ಹಳೆಯ ಕಾರ್ಬೊರೇಟರಿನ ಮಿಶ್ರಣದ ಸ್ಕ್ರೂ ಎರಡು ಸುತ್ತು ಹೊರಗಿದೆ, ಪ್ಲಗ್ ಕಾಫಿ ಬೀಜ ಅರ್ಧ ಹುರಿದ ಬಣ್ಣಕ್ಕೆ ಬಂದಿದೆ. ಬೌಲಿನ ಕೆಳಗಿನ ಡ್ರೈನ್ ಸ್ಕ್ರೂವಿಗೆ ಕೆಂಪು ಬಣ್ಣ ಬಳಿದಿದ್ದೇನೆ, ಜೂನ್ ಮೊದಲ ವಾರ ಬೈಕನ್ನು ಶೆಡ್ಡಿಗೆ ಸೇರಿಸುವಾಗ ಅದನ್ನು ಬಿಚ್ಚಿ ಪೆಟ್ರೋಲ್ ಪೂರ್ತಿ ಇಳಿಸಬೇಕು.